ಮೊದಲು ಯಾರ ಸಾಲ ತೀರಿಸಬೇಕು?

ಈ ವರ್ಷದ ಕಾಮರ್ಸ್ ಫೆಸ್ಟ್ ಚೆನ್ನಾಗಿ ನಡೆಯಿತು ಎಂದು ಎಲ್ಲರೂ ಹೇಳಿದರು. ವೇದಿಕೆ ಚೆನ್ನಾಗಿತ್ತು, ಬಂದ ಅತಿಥಿಗಳು ಹೊಗಳಿದರು, ಸ್ಟಾಲ್‌ಗಳಲ್ಲಿ ಒಳ್ಳೆಯ ವ್ಯಾಪಾರವಾಯಿತು. ಫೋಟೊಗಳು ಈಗಲೂ ನೋಟಿಸ್ ಬೋರ್ಡಿನಲ್ಲಿವೆ. ಆ ಫೋಟೊಗಳಲ್ಲಿ ಬ್ಯಾಡ್ಜ್ ಹಾಕಿಕೊಂಡು, ಕೈಯಲ್ಲಿ ಒಂದು ಮಡಚಿದ ಹಾಳೆ ಹಿಡಿದು ಓಡಾಡುತ್ತಿರುವ ಹುಡುಗಿ ನಾನು. ಈ ಲೇಖನ ಫೆಸ್ಟ್ ಬಗ್ಗೆ ಅಲ್ಲ, ಆ ಹಾಳೆಯ ಬಗ್ಗೆ.

ಆ ಹಾಳೆಯಲ್ಲಿ ಹದಿನಾಲ್ಕು ಕೆಲಸಗಳನ್ನು ಬರೆದುಕೊಂಡಿದ್ದೆ. ಶಾಮಿಯಾನದವರಿಗೆ ಅಡ್ವಾನ್ಸ್, ಬ್ಯಾನರಿನಲ್ಲಿ ತಪ್ಪಾಗಿದ್ದ ಸ್ಪೆಲ್ಲಿಂಗ್, ಅತಿಥಿಗಳಿಗೆ ಶಾಲು, ಮೈಕ್, ಸ್ಟಾಲ್‌ಗಳ ನಂಬರ್, ಸ್ವಾಗತ ಭಾಷಣ, ಪ್ರಮಾಣಪತ್ರಗಳ ಪ್ರಿಂಟ್, ಹೀಗೆ. ಒಂಬತ್ತನೆಯ ಸಾಲಿನಲ್ಲಿ ಎರಡೇ ಪದ ಇದ್ದವು: 'ಸ್ಕಾಲರ್‌ಶಿಪ್ ನೋಟಿಸ್'. ಸೋಮವಾರ ಆಫೀಸಿನಿಂದ ಆ ನೋಟಿಸನ್ನು ನನ್ನ ಕೈಗೆ ಕೊಟ್ಟು, ತರಗತಿಯಲ್ಲಿ ಓದಿ ಹೇಳು ಎಂದಿದ್ದರು. ಅರ್ಜಿಗೆ ಬೇಕಾದ ದಾಖಲೆಗಳು ಮತ್ತು ಕೊನೆಯ ದಿನಾಂಕ ಅದರಲ್ಲಿ ಇದ್ದವು. ನಾನು ಅದನ್ನು ಅಕೌಂಟೆನ್ಸಿ ಪುಸ್ತಕದ ನಡುವೆ ಇಟ್ಟೆ. ಮುಂದಿನ ಪೀರಿಯಡ್‌ನಲ್ಲಿ ಓದೋಣ ಎಂದುಕೊಂಡೆ. ಮುಂದಿನ ಪೀರಿಯಡ್‌ನಲ್ಲಿ ಶಾಮಿಯಾನದವರ ಫೋನ್ ಬಂತು. ಆಮೇಲೆ ಬ್ಯಾನರ್. ಆಮೇಲೆ ಶಾಲು. ಶನಿವಾರ ಫೆಸ್ಟ್ ಮುಗಿಯಿತು. ಭಾನುವಾರ ಇಡೀ ದಿನ ಮಲಗಿದೆ. ಕೊನೆಯ ದಿನಾಂಕ ಸೋಮವಾರ ಇತ್ತು. ಮಂಗಳವಾರ ಪುಸ್ತಕ ತೆರೆದಾಗ ನೋಟಿಸ್ ಕೆಳಗೆ ಬಿತ್ತು.

ನಮ್ಮ ತರಗತಿಯಲ್ಲಿ ಹೆಚ್ಚಿನವರಿಗೆ ಬೇರೆ ಕಡೆಯಿಂದ ವಿಷಯ ತಿಳಿದು ಅರ್ಜಿ ಹಾಕಿದ್ದರು. ಒಬ್ಬಳಿಗೆ ತಿಳಿದಿರಲಿಲ್ಲ. ಅವಳು ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಾಳೆ. ಮನೆಯಲ್ಲಿರುವುದು ಒಂದೇ ಫೋನ್, ಅದು ಅವಳ ಅಣ್ಣನ ಜೊತೆ ಕೆಲಸಕ್ಕೆ ಹೋಗುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಅವಳಿಲ್ಲ. ತರಗತಿಯಲ್ಲಿ ಯಾರಾದರೂ ಓದಿ ಹೇಳಿದರೆ ಮಾತ್ರ ಅವಳಿಗೆ ಸುದ್ದಿ. ಅವಳ ಆದಾಯ ಪ್ರಮಾಣಪತ್ರದ ಅವಧಿಯೂ ಮುಗಿದಿತ್ತಂತೆ. ಸೋಮವಾರವೇ ಗೊತ್ತಾಗಿದ್ದರೆ ನಾಡಕಚೇರಿಗೆ ಹೋಗಿ ಹೊಸದಕ್ಕೆ ಅರ್ಜಿ ಕೊಡಲು ಒಂದು ವಾರ ಸಿಗುತ್ತಿತ್ತು. ನಾನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರವಾಗಿಲ್ಲ ಬಿಡೇ, ನಿನಗೆ ಎಷ್ಟೊಂದು ಕೆಲಸ ಇತ್ತು" ಎಂದಳು.

ಅವಳು ಬೈದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲವೋ ಏನೋ. ಅವಳು ನನ್ನ ಪರವಾಗಿ ನನಗೇ ನೆಪ ಹುಡುಕಿಕೊಟ್ಟಳು. ಆ ನೆಪ ಸುಳ್ಳಲ್ಲ, ನಿಜವಾಗಿಯೂ ಕೆಲಸ ತುಂಬಾ ಇತ್ತು. ಆದರೆ ಅದೇ ವಾರ ಬ್ಯಾನರಿನ ಸ್ಪೆಲ್ಲಿಂಗ್ ತಿದ್ದಿಸಲು ನಾನು ಎರಡು ಸಲ ಪ್ರಿಂಟಿಂಗ್ ಅಂಗಡಿಗೆ ಹೋಗಿದ್ದೆ. ನೋಟಿಸ್ ಓದಲು ಬೇಕಾಗಿದ್ದು ಎರಡು ನಿಮಿಷ. ಹಾಗಾದರೆ ನನಗೆ ಸಮಯ ಇರಲಿಲ್ಲ ಎನ್ನುವುದು ಸರಿಯಾದ ಉತ್ತರವಲ್ಲ. ಇದ್ದ ಸಮಯವನ್ನು ಯಾರಿಗೆ ಮೊದಲು ಕೊಟ್ಟೆ ಎನ್ನುವುದೇ ಪ್ರಶ್ನೆ.

ನಮ್ಮ ಕಾಲೇಜಿನಲ್ಲಿ ಸಿ.ಆರ್.ಗಳು ಇದ್ದಾರೆ, ಯೂನಿಯನ್ ಪದಾಧಿಕಾರಿಗಳು ಇದ್ದಾರೆ, ಕ್ರೀಡಾ ತಂಡದ ಕ್ಯಾಪ್ಟನ್‌ಗಳು ಇದ್ದಾರೆ, ಸಮಿತಿಗಳ ಹೊಣೆ ಹೊತ್ತ ಅಧ್ಯಾಪಕರೂ ಇದ್ದಾರೆ. ಕೆಲಸ ತಲೆ ಮೇಲೆ ಬಿದ್ದಾಗ ನಾವೆಲ್ಲರೂ ಮಾಡುವುದು ಒಂದೇ. ಯಾರು ಎದುರಿಗೆ ನಿಂತು ಕೇಳುತ್ತಾರೋ ಅವರ ಕೆಲಸ ಮೊದಲು ಮಾಡುತ್ತೇವೆ. ಶಾಮಿಯಾನದವರಿಗೆ ಬಾಯಿ ಇದೆ, ಫೋನ್ ಇದೆ. ಅತಿಥಿಗಳಿಗೆ ಹೆಸರು ಇದೆ. ಪುಸ್ತಕದ ನಡುವೆ ಇರುವ ನೋಟಿಸಿಗೆ ಬಾಯಿ ಇಲ್ಲ. ಅದು ಯಾರಿಗಾಗಿ ಬಂದಿದೆಯೋ ಅವರಿಗೆ ಅದು ಬಂದಿರುವುದೇ ಗೊತ್ತಿಲ್ಲ. ಗೊತ್ತಿಲ್ಲದವರು ಬಂದು ಜಗಳ ಮಾಡುವುದೂ ಇಲ್ಲ. ಹಾಗಾಗಿ ನಮ್ಮ ಪಟ್ಟಿಯನ್ನು ಬರೆಯುವವರು ನಾವಲ್ಲ, ಜೋರಾಗಿ ಮಾತನಾಡುವವರು.

ಇದನ್ನು ಹೇಳಿದ ಮೊದಲಿಗಳು ನಾನಲ್ಲ. ಸಮಯ ನಿರ್ವಹಣೆಯ ಬಗ್ಗೆ ಮಾತನಾಡುವವರು 'ಐಸೆನ್‌ಹೋವರ್ ಚೌಕ' ಎಂಬ ನಾಲ್ಕು ಮನೆಗಳ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ತುರ್ತು ಮತ್ತು ಮುಖ್ಯ, ತುರ್ತಲ್ಲದ ಆದರೆ ಮುಖ್ಯ, ತುರ್ತಾದರೂ ಮುಖ್ಯವಲ್ಲದ್ದು, ಎರಡೂ ಅಲ್ಲದ್ದು. ಡ್ವೈಟ್ ಐಸೆನ್‌ಹೋವರ್ ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಿತ್ರಪಡೆಗಳ ಮುಖ್ಯಸ್ಥರಾಗಿದ್ದವರು, ಆಮೇಲೆ 1953ರಿಂದ 1961ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದವರು. 1954ರ ಒಂದು ಭಾಷಣದಲ್ಲಿ ಅವರು ತುರ್ತಿನ ಸಮಸ್ಯೆ ಬೇರೆ, ಮುಖ್ಯವಾದ ಸಮಸ್ಯೆ ಬೇರೆ ಎಂಬ ಅರ್ಥದ ಮಾತು ಹೇಳಿದರು. ಅದೂ ತಮ್ಮದಲ್ಲ, ಕಾಲೇಜೊಂದರ ಹಿಂದಿನ ಅಧ್ಯಕ್ಷರೊಬ್ಬರದು ಎಂದೇ ಹೇಳಿದರು. ನಾಲ್ಕು ಮನೆಗಳ ಚಿತ್ರ ಹೆಚ್ಚು ಜನರಿಗೆ ಪರಿಚಯವಾದದ್ದು 1989ರಲ್ಲಿ ಬಂದ ಸ್ಟೀಫನ್ ಕೋವಿ ಅವರ ಪುಸ್ತಕದಿಂದ.

ಚೌಕ ಒಳ್ಳೆಯದೇ. ಆದರೆ ಫೆಸ್ಟ್ ಮುಗಿದ ಮೇಲೆ ನನ್ನ ಹದಿನಾಲ್ಕು ಕೆಲಸಗಳನ್ನು ಆ ನಾಲ್ಕು ಮನೆಗಳಲ್ಲಿ ಹಾಕಿ ನೋಡಿದೆ. ಹದಿಮೂರು ಕೆಲಸಗಳು ಮೊದಲನೆಯ ಮನೆಗೇ ಹೋದವು. ಹೊಣೆ ಹೊತ್ತವರಿಗೆ ಎಲ್ಲವೂ ತುರ್ತು, ಎಲ್ಲವೂ ಮುಖ್ಯ ಎಂದು ಕಾಣುವುದೇ ಕಷ್ಟ. ಒಂದೇ ಮನೆಯೊಳಗೆ ಹದಿಮೂರು ಜನ ನಿಂತಿರುವಾಗ ಯಾರನ್ನು ಮೊದಲು ಕರೆಯಬೇಕು ಎಂದು ಆ ಚೌಕ ಹೇಳುವುದಿಲ್ಲ.

ನನಗೆ ಉತ್ತರ ಸಿಕ್ಕಿದ್ದು ಅಕೌಂಟೆನ್ಸಿ ತರಗತಿಯಲ್ಲಿ.

ಪಾಲುದಾರಿಕೆ ಸಂಸ್ಥೆಯ ವಿಸರ್ಜನೆ ಎಂಬ ಪಾಠ ನಡೆಯುತ್ತಿತ್ತು. ಒಂದು ಫರ್ಮ್ ಮುಚ್ಚಿದಾಗ ಆಸ್ತಿಯನ್ನೆಲ್ಲ ಮಾರಿ ಬಂದ ಹಣವನ್ನು ಯಾರಿಗೆ ಮೊದಲು ಕೊಡಬೇಕು? ಭಾರತೀಯ ಪಾಲುದಾರಿಕೆ ಕಾಯ್ದೆ 1932ರ 48ನೇ ಸೆಕ್ಷನ್ ಇದಕ್ಕೆ ಒಂದು ಕ್ರಮ ಹಾಕಿಕೊಟ್ಟಿದೆ. ಮೊದಲು ಹೊರಗಿನವರ ಸಾಲ. ಆಮೇಲೆ ಪಾಲುದಾರರು ಬಂಡವಾಳವಲ್ಲದೆ ಫರ್ಮಿಗೆ ಕೊಟ್ಟಿರುವ ಸಾಲ. ಆಮೇಲೆ ಪಾಲುದಾರರ ಬಂಡವಾಳ. ಇವೆಲ್ಲ ತೀರಿ ಏನಾದರೂ ಉಳಿದರೆ ಲಾಭ ಹಂಚಿಕೊಳ್ಳುವ ಪ್ರಮಾಣದಲ್ಲಿ ಪಾಲುದಾರರಿಗೆ. ಮೇಡಂ ಇದನ್ನು ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆದರು. ಒಬ್ಬ ಹುಡುಗ ಎದ್ದು, "ಮೇಡಂ, ಹಣ ಸಾಕಷ್ಟು ಇದ್ದರೆ ಯಾರಿಗೆ ಮೊದಲು ಕೊಟ್ಟರೇನು?" ಎಂದು ಕೇಳಿದ. ಮೇಡಂ ನಕ್ಕು, "ಸಾಕಷ್ಟು ಇದ್ದರೆ ಈ ಸೆಕ್ಷನ್ ನೆನಪಿಗೇ ಬರುವುದಿಲ್ಲ. ಸಾಲದೆ ಬಂದಾಗಲೇ ಕ್ರಮ ಬೇಕು" ಎಂದರು.

ನಾನು ನೋಟ್ಸ್ ಬರೆಯುವುದನ್ನು ನಿಲ್ಲಿಸಿಬಿಟ್ಟೆ. ನನ್ನ ಆ ವಾರ ಹಣ ಸಾಲದೆ ಬಂದ ಫರ್ಮಿನ ಹಾಗೆಯೇ ಇತ್ತು. ಇದ್ದದ್ದು ಆರು ದಿನ, ತೀರಿಸಬೇಕಾದ್ದು ಹದಿನಾಲ್ಕು ಬಾಕಿ. ಫರ್ಮಿನ ಹಣಕ್ಕೆ ಕಾನೂನು ಇದೆ, ನನ್ನ ಸಮಯಕ್ಕೆ ಇರಲಿಲ್ಲ. ಹಾಗಾಗಿ ನಾನು ಕ್ರಮವನ್ನು ತಲೆಕೆಳಗು ಮಾಡಿದ್ದೆ. ನಮ್ಮದೇ ಬಂಡವಾಳವನ್ನು, ಎಂದರೆ ನಮ್ಮ ವೇದಿಕೆ, ನಮ್ಮ ಬ್ಯಾನರ್, ನಮ್ಮ ಹೆಸರನ್ನು, ಮೊದಲು ತೀರಿಸಿಕೊಂಡೆ. ಹೊರಗಿನವರ ಸಾಲವನ್ನು ಕೊನೆಗೆ ಇಟ್ಟೆ. ಕೊನೆಗೆ ತೀರಿಸಲು ಏನೂ ಉಳಿಯಲಿಲ್ಲ.

ಹೊರಗಿನವರು ಎಂದರೆ ಕಾಲೇಜಿನ ಹೊರಗಿನವರು ಎಂದಲ್ಲ. ನಾವು ಕುಳಿತು ತೀರ್ಮಾನ ಮಾಡುವ ಕೋಣೆಯಲ್ಲಿ ಇಲ್ಲದವರು. ನಮ್ಮ ಮೇಲೆ ನಂಬಿಕೆ ಇಟ್ಟು ಸುಮ್ಮನೆ ಕುಳಿತಿರುವವರು. ಅವರಿಗೆ ಆಗುವ ನಷ್ಟವನ್ನು ನಾವು ಮುಂದಿನ ವಾರ ಸರಿಪಡಿಸಲು ಆಗುವುದಿಲ್ಲ. ತಪ್ಪು ಸ್ಪೆಲ್ಲಿಂಗ್ ಇರುವ ಬ್ಯಾನರ್ ಕಟ್ಟಿದ್ದರೆ ಜನ ನಗುತ್ತಿದ್ದರು, ಸಂಜೆಗೆ ಮರೆಯುತ್ತಿದ್ದರು. ಕೊನೆಯ ದಿನಾಂಕ ದಾಟಿದ ಅರ್ಜಿ ಹಾಗಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಕೆಲಸ ತುಂಬಿಕೊಂಡಾಗ 'ಯಾವುದು ತುರ್ತು' ಎಂದು ಕೇಳಿಕೊಂಡರೆ ಸಾಲದು. 'ಇದು ಇವತ್ತು ಆಗದಿದ್ದರೆ ಯಾರು ಏನನ್ನು ಕಳೆದುಕೊಳ್ಳುತ್ತಾರೆ, ಕಳೆದುಕೊಂಡದ್ದು ಮತ್ತೆ ಸಿಗುತ್ತದೆಯೇ' ಎಂದು ಕೇಳಿಕೊಳ್ಳಬೇಕು. ಮತ್ತೆ ಸಿಗದಂಥದ್ದು ಯಾರದ್ದೋ ಅವರ ಕೆಲಸ ಮೊದಲು. ಜೊತೆಗೆ ದುಡಿಯುವವರಿಗೆ ಕೊಟ್ಟ ಮಾತು ಎರಡನೆಯದು. ನಮ್ಮ ಹೆಸರು, ನಮ್ಮ ಫೋಟೊ, ನಮ್ಮ ಭಾಷಣ ಕೊನೆಯದು.

ಇದನ್ನು ಮನೆಯಲ್ಲಿ ಅಬ್ಬಾಗೆ ಹೇಳಿದೆ. ಇದರಲ್ಲಿ ಹೊಸದೇನಿದೆ ಎನ್ನುವ ಹಾಗೆ ಅವರು ನನ್ನ ಮುಖ ನೋಡಿದರು. ಅಬ್ಬಾ ಟೈಲರ್. ರಂಜಾನ್ ತಿಂಗಳು ಬಂತೆಂದರೆ ಅವರ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೂರು ಮಿಷನ್, ಅಬ್ಬಾ ಮತ್ತು ಇಬ್ಬರು ಕೆಲಸಗಾರರು. ಎಲ್ಲರಿಗೂ ಒಂದೇ ದಿನಕ್ಕೆ ಬಟ್ಟೆ ಬೇಕು. ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ, ಆದರೆ ಅದೊಂದು ಪಾಠ ಎಂದು ಯಾವತ್ತೂ ನೋಡಿರಲಿಲ್ಲ.

ಹದಿನೈದನೇ ರೋಜಾ ಮುಗಿಯುತ್ತಿದ್ದಂತೆ ಅಬ್ಬಾ ಒಂದು ರಟ್ಟಿನ ಮೇಲೆ 'ಈದ್ ಆರ್ಡರ್ ಬಂದ್' ಎಂದು ಬರೆದು ಬಾಗಿಲಿಗೆ ತೂಗುಹಾಕುತ್ತಾರೆ. ಆಮೇಲೆ ಪರಿಚಯದವರು ಬಂದರೂ, ನೆಂಟರು ಬಂದರೂ, ಹೆಚ್ಚು ದುಡ್ಡು ಕೊಡುತ್ತೇವೆ ಎಂದರೂ ಬಟ್ಟೆ ತೆಗೆದುಕೊಳ್ಳುವುದಿಲ್ಲ. ಅಮ್ಮಿ ಕೆಲವು ಸಲ ಬೇಜಾರು ಮಾಡಿಕೊಳ್ಳುತ್ತಾರೆ, ಬರುವ ಹಣ ಬಿಡುತ್ತೀರಲ್ಲ ಎಂದು. ಅಬ್ಬಾ ಹೇಳುವುದು, "ಹೊಸದನ್ನು ಒಪ್ಪಿಕೊಂಡರೆ ಈಗಾಗಲೇ ಒಪ್ಪಿಕೊಂಡವರಿಗೆ ಮೋಸ."

ಒಪ್ಪಿಕೊಂಡ ಬಟ್ಟೆಗಳಿಗೂ ಒಂದು ಕ್ರಮ ಇದೆ. ಈದ್‌ಗೆ ದೂರದ ಊರಿಗೆ ಹೋಗುವವರು ನಾಲ್ಕೈದು ದಿನ ಮೊದಲೇ ಬಸ್ ಹತ್ತುತ್ತಾರೆ, ಅವರದ್ದು ಮೊದಲು. ಆಮೇಲೆ ಮಕ್ಕಳ ಬಟ್ಟೆ. ದೊಡ್ಡವರು ಹಳೆಯ ಕುರ್ತಾ ಇಸ್ತ್ರಿ ಮಾಡಿಸಿಕೊಂಡು ಈದ್ಗಾಕ್ಕೆ ಹೋಗಬಲ್ಲರು, ಮಗುವಿಗೆ ಅದನ್ನು ಹೇಗೆ ಹೇಳುವುದು? ದಿನಾ ಬಂದು ಜಗಳ ಮಾಡುವ ಪಕ್ಕದ ಬೀದಿಯವರ ಬಟ್ಟೆ ಅದರ ಸರದಿ ಬಂದಾಗಲೇ. "ಯಾರು ಜೋರಾಗಿ ಕೂಗುತ್ತಾರೋ ಅವರದ್ದಲ್ಲ ಬೇಟಾ, ಯಾರಿಗೆ ಬೇರೆ ದಾರಿ ಇಲ್ಲವೋ ಅವರದ್ದು" ಎಂದರು ಅಬ್ಬಾ. ನಮ್ಮ ಮನೆಯವರ ಬಟ್ಟೆ ಯಾವಾಗ ಎಂದು ನಾನು ಕೇಳಲಿಲ್ಲ, ಅದು ನನಗೆ ಗೊತ್ತು. ಚಾಂದ್ ರಾತ್ ದಿನ, ಅಂಗಡಿ ಮುಚ್ಚುವ ಮೊದಲು. 48ನೇ ಸೆಕ್ಷನ್ ಅಬ್ಬಾ ಓದಿಲ್ಲ. ಆದರೆ ಮಾಲೀಕನ ಪಾಲು ಕೊನೆಗೆ ಎನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಬ್ಬಾ ಇನ್ನೊಂದು ಕೆಲಸ ಮಾಡುತ್ತಾರೆ. ಕಟಿಂಗ್ ಯಾವಾಗಲೂ ಅವರ ಕೈಯಲ್ಲೇ. ಹೊಲಿಗೆ ಕೆಲಸಗಾರರಿಗೆ. ಕಾಜಾ, ಬಟನ್, ಹೆಮ್ಮಿಂಗ್ ಮನೆಗೆ ಬರುತ್ತವೆ, ಅಮ್ಮಿ ಮತ್ತು ನಾನು ಹಾಕುತ್ತೇವೆ. ಬಟನ್ ಹಾಕುವುದು ಅಬ್ಬಾಗೆ ನಮಗಿಂತ ಚೆನ್ನಾಗಿ ಬರುತ್ತದೆ. ಆದರೂ ಅವರು ಕೈ ಹಾಕುವುದಿಲ್ಲ. ಅವರು ಬಟನ್ ಹಾಕುತ್ತಾ ಕುಳಿತರೆ ಕತ್ತರಿ ಹಿಡಿಯುವವರು ಯಾರು? ಕಟಿಂಗ್ ತಪ್ಪಿದರೆ ಬಟ್ಟೆ ಹೋಯಿತು, ಬಟನ್ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು.

ಇದಕ್ಕೆ ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಡೆಲಿಗೇಷನ್ ಎಂಬ ಹೆಸರಿದೆ. ಅದರಲ್ಲಿ ಮೂರು ಅಂಶ: ಅಧಿಕಾರ, ಜವಾಬ್ದಾರಿ, ಉತ್ತರದಾಯಿತ್ವ. ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡುತ್ತೇವೆ. ಕೆಲಸವನ್ನು ಇನ್ನೊಬ್ಬರಿಗೆ ವಹಿಸಬಹುದು, ಅದಕ್ಕೆ ಬೇಕಾದ ಅಧಿಕಾರವನ್ನೂ ಕೊಡಬಹುದು, ಆದರೆ ಕೊನೆಗೆ ಉತ್ತರ ಹೇಳಬೇಕಾದವರು ನಾವೇ. ಐಸೆನ್‌ಹೋವರ್ ಅವರಿಂದ ನಾವು ಕಲಿಯಬೇಕಾದದ್ದು ಚೌಕಕ್ಕಿಂತ ಇದು ಎಂದು ನನಗೆ ಅನಿಸುತ್ತದೆ. 1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಸೇನೆ ಇಳಿಸುವಾಗ ಅವರ ಕೈಕೆಳಗೆ ಭೂಸೇನೆಗೆ ಮಾಂಟ್‌ಗೊಮರಿ, ನೌಕಾಪಡೆಗೆ ರ‍್ಯಾಮ್ಸೆ, ವಾಯುಪಡೆಗೆ ಲೀ-ಮ್ಯಾಲರಿ ಎಂದು ಬೇರೆ ಬೇರೆ ದಂಡನಾಯಕರಿದ್ದರು. ಹೊರಡಬೇಕೋ ಬೇಡವೋ ಎಂಬ ಕೊನೆಯ ತೀರ್ಮಾನ ಮಾತ್ರ ಐಸೆನ್‌ಹೋವರ್ ಅವರದ್ದಾಗಿತ್ತು. ಜೂನ್ 5ಕ್ಕೆ ಗೊತ್ತುಮಾಡಿದ್ದ ದಿನವನ್ನು ಹವಾಮಾನ ನೋಡಿ 6ಕ್ಕೆ ಮುಂದೂಡಿದರು. ದಾಳಿ ಸೋತರೆ ತಪ್ಪು ತಮ್ಮೊಬ್ಬರದ್ದೇ ಎಂದು ಒಂದು ಚೀಟಿಯನ್ನೂ ಮೊದಲೇ ಬರೆದಿಟ್ಟುಕೊಂಡಿದ್ದರು. ಅದನ್ನು ಓದಬೇಕಾದ ಸಂದರ್ಭ ಬರಲಿಲ್ಲ. ಅಷ್ಟು ದೊಡ್ಡ ಕೆಲಸದಲ್ಲಿ ಅವರು ತಮಗಾಗಿ ಉಳಿಸಿಕೊಂಡದ್ದು ಒಂದು ತೀರ್ಮಾನ ಮತ್ತು ಪೂರ್ತಿ ಹೊಣೆ.

ನಾನು ಮಾಡಿದ್ದು ಇದರ ವಿರುದ್ಧ. ಶಾಲು ತರುವುದನ್ನೂ ನಾನೇ ಇಟ್ಟುಕೊಂಡೆ. ಬೇರೆಯವರಿಗೆ ಕೊಟ್ಟರೆ ಸರಿಯಾಗಿ ಮಾಡುವುದಿಲ್ಲ ಎಂದು ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಎಲ್ಲ ಕೆಲಸಕ್ಕೂ ನನ್ನ ಹೆಸರನ್ನೇ ಕೂಗುವುದು ನನಗೆ ಇಷ್ಟವಾಗಿತ್ತು. ಕಾರಿಡಾರಿನಲ್ಲಿ ಓಡುವಾಗ "ಪಾಪ, ಎಷ್ಟು ಕೆಲಸ ಅವಳಿಗೆ" ಎಂದು ಯಾರಾದರೂ ಅಂದರೆ ಒಳಗೊಳಗೆ ಖುಷಿಯಾಗುತ್ತಿತ್ತು. ನಮ್ಮಲ್ಲಿ ಓಡಾಡುವವರನ್ನೇ ಲೀಡರ್ ಎಂದುಕೊಳ್ಳುತ್ತೇವೆ. ಸುಮ್ಮನೆ ಕುಳಿತು, ಯಾರಿಗೆ ಯಾವ ಕೆಲಸ ಎಂದು ಹಂಚಿ, ಒಂದು ನೋಟಿಸ್ ಓದಿದವರು ಫೋಟೊದಲ್ಲಿ ಬರುವುದಿಲ್ಲ.

ಸಹಾಯ ಕೇಳುವುದು ಕೈಲಾಗದವರ ಲಕ್ಷಣ ಎಂಬ ಭಾವನೆಯೂ ನಮ್ಮಲ್ಲಿದೆ. ಬೆಳಗಿನ ದೀನಿಯಾತ್ ತರಗತಿಯಲ್ಲಿ ನಾವೆಲ್ಲ ಕೇಳಿರುವ ಒಂದು ವಿಷಯವನ್ನು ಇಲ್ಲಿ ನೆನಪಿಸುತ್ತೇನೆ. ಪವಿತ್ರ ಕುರ್‌ಆನ್‌ನ ತ್ವಾಹಾ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ) ಅವರಿಗೆ ಫಿರ್‌ಔನನ ಬಳಿಗೆ ಹೋಗಲು ಆಜ್ಞೆಯಾಗುತ್ತದೆ. ಅದಕ್ಕಿಂತ ಭಾರವಾದ ಕೆಲಸ ಯಾವುದಿದೆ? ಆಗ ಅವರು ಪ್ರಾರ್ಥಿಸುವುದರಲ್ಲಿ ತಮ್ಮ ಸಹೋದರ ಹಾರೂನ್(ಅ) ಅವರನ್ನು ತಮ್ಮ ಕಾರ್ಯದಲ್ಲಿ ಪಾಲುಗಾರರನ್ನಾಗಿ ಮಾಡು ಎಂಬ ಬೇಡಿಕೆಯೂ ಇದೆ. ಆ ಪ್ರಾರ್ಥನೆ ಸ್ವೀಕಾರವೂ ಆಗುತ್ತದೆ. ಕೆಲಸ ಶುರುವಾಗುವ ಮೊದಲೇ ಅವರು ಸಹಾಯ ಕೇಳಿದರು, ಕೆಲಸ ಕೆಟ್ಟ ಮೇಲೆ ಅಲ್ಲ. ಒಬ್ಬ ಪ್ರವಾದಿಗೆ ಇಲ್ಲದ ಸಂಕೋಚ ಒಂದು ಫೆಸ್ಟಿನ ಸಂಚಾಲಕಿಗೆ ಏಕೆ ಬೇಕಿತ್ತು?

ನನ್ನ ಮಾತಿಗೆ ಕೆಲವು ಗೆಳತಿಯರು ಆಕ್ಷೇಪ ಹೇಳಿದ್ದಾರೆ. ಒಂದು, ಫೆಸ್ಟ್ ಕೆಟ್ಟಿದ್ದರೆ ಕಾಲೇಜಿನ ಮರ್ಯಾದೆ ಏನಾಗುತ್ತಿತ್ತು ಎಂದು. ಮರ್ಯಾದೆ ಬೇಡ ಎಂದು ನಾನು ಹೇಳುತ್ತಿಲ್ಲ. 48ನೇ ಸೆಕ್ಷನ್ ಕೂಡ ಪಾಲುದಾರರಿಗೆ ಏನೂ ಕೊಡಬೇಡಿ ಎಂದು ಹೇಳುವುದಿಲ್ಲ, ಆಮೇಲೆ ಕೊಡಿ ಎನ್ನುತ್ತದೆ. ನೋಟಿಸ್ ಓದಿ ಎರಡು ನಿಮಿಷ ತಡವಾಗಿ ಹೋಗಿದ್ದರೆ ಶಾಮಿಯಾನ ಬೀಳುತ್ತಿರಲಿಲ್ಲ. ಬಹಳ ಸಲ ಮೊದಲು ಮಾಡಬೇಕಾದ ಕೆಲಸ ತುಂಬಾ ಚಿಕ್ಕದಾಗಿರುತ್ತದೆ. ಚಿಕ್ಕದು ಎಂಬ ಕಾರಣಕ್ಕೇ ಆಮೇಲೆ ಮಾಡೋಣ ಎಂದು ಬಿಡುತ್ತೇವೆ.

ಇನ್ನೊಂದು ಆಕ್ಷೇಪ ಹೆಚ್ಚು ಸರಿಯಾದದ್ದು. ನಮ್ಮದು ಕೊನೆಗೆ ಎಂದರೆ ನಮ್ಮ ಓದು, ನಮ್ಮ ನಿದ್ದೆ ಕೂಡ ಕೊನೆಗೇ? ಹಾಗೆ ಮಾಡಿದ ಸಿ.ಆರ್.ಗಳನ್ನು ನಾವು ನೋಡಿದ್ದೇವೆ. ಆ ತಿಂಗಳ ಟೆಸ್ಟಿನಲ್ಲಿ ಸ್ಟಾಟಿಸ್ಟಿಕ್ಸ್‌ನಲ್ಲಿ ನನಗೆ ಬಂದ ಅಂಕವನ್ನು ಇಲ್ಲಿ ಬರೆಯುವುದಿಲ್ಲ. ಯೋಚಿಸಿದಾಗ ಅನಿಸಿದ್ದು, ನನ್ನ ಓದು ನನ್ನ ಸ್ವಂತ ಬಂಡವಾಳವಲ್ಲ. ಅದರಲ್ಲಿ ಅಬ್ಬಾ ರಾತ್ರಿ ಹನ್ನೆರಡರವರೆಗೆ ತುಳಿದ ಮಿಷನ್ ಇದೆ, ಅಮ್ಮಿ ಹಾಕಿದ ಬಟನ್‌ಗಳಿವೆ. ಹಾಗಾಗಿ ಅದೂ ಹೊರಗಿನವರ ಸಾಲವೇ, ಮೊದಲ ಸಾಲಿನಲ್ಲೇ ಬರಬೇಕು. ನಿದ್ದೆ ಮಿಷನ್ನಿಗೆ ಹಾಕುವ ಎಣ್ಣೆ, ಅದನ್ನು ಉಳಿಸಿದರೆ ಲಾಭವಿಲ್ಲ. ಕೊನೆಗೆ ಇಡಬೇಕಾದದ್ದು ನಮ್ಮ ಹೆಸರು, ಹೊಗಳಿಕೆ ಮತ್ತು ಎಲ್ಲವೂ ನನ್ನಿಂದಲೇ ಆಗಬೇಕು ಎಂಬ ಹಟ.

ತಪ್ಪು ಒಪ್ಪಿಕೊಂಡು ಸುಮ್ಮನಾದರೆ ಮುಂದಿನ ಫೆಸ್ಟಿನಲ್ಲಿ ಇನ್ನೊಂದು ನೋಟಿಸ್ ಇನ್ನೊಂದು ಪುಸ್ತಕದಲ್ಲಿ ಉಳಿಯುತ್ತದೆ. ಹಾಗಾಗಿ ಕೆಲವು ಸಲಹೆಗಳನ್ನು ಎಲ್ಲರ ಮುಂದಿಡುತ್ತೇನೆ.

ಮೊದಲನೆಯದು, ಕೊನೆಯ ದಿನಾಂಕ ಇರುವ ಯಾವ ನೋಟಿಸ್ ಬಂದರೂ ಬಂದ ದಿನವೇ, ಕೈಗೆ ಬಂದ ನಂತರದ ಮೊದಲ ಪೀರಿಯಡ್‌ನಲ್ಲೇ ಓದಬೇಕು. ಗೋಡೆಗೆ ಅಂಟಿಸಬೇಕು. ವಾಟ್ಸಾಪ್‌ನಲ್ಲಿ ಹಾಕಿದೆವು ಎಂದರೆ ಹೇಳಿದ ಹಾಗೆ ಆಗುವುದಿಲ್ಲ, ಏಕೆಂದರೆ ಸ್ಕಾಲರ್‌ಶಿಪ್ ಹೆಚ್ಚು ಬೇಕಾದವರ ಬಳಿಯೇ ಹಲವು ಸಲ ಫೋನ್ ಇರುವುದಿಲ್ಲ.

ಎರಡನೆಯದು, ಪ್ರತಿ ತರಗತಿಯಲ್ಲೂ ನೋಟಿಸಿಗೆಂದೇ ಒಬ್ಬರು ಬೇರೆ ಇರಬೇಕು. ಕಾರ್ಯಕ್ರಮ ನಡೆಸುವವರ ಕೈಗೆ ನೋಟಿಸ್ ಕೊಡಬಾರದು. ಅವರು ಕೆಟ್ಟವರಲ್ಲ, ಅವರ ಕಿವಿಯ ಹತ್ತಿರ ಯಾವಾಗಲೂ ಮೈಕ್ ಇರುತ್ತದೆ, ಅಷ್ಟೆ. ನಮ್ಮ ತರಗತಿಯಲ್ಲಿ ಇದನ್ನು ಶುರು ಮಾಡಿದ್ದೇವೆ. ಯಾರು ಮಾಡುತ್ತೀರಿ ಎಂದು ಕೇಳಿದಾಗ ಕೈ ಎತ್ತಿದವಳು ಅರ್ಜಿ ಹಾಕಲಾಗದೆ ಹೋದ ಆ ಗೆಳತಿಯೇ. "ನೀನು ಇಟ್ಟುಕೊಂಡರೆ ಪುಸ್ತಕದಲ್ಲಿ ಒಣಗಿಸುತ್ತೀಯ, ಇಲ್ಲಿ ಕೊಡು" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ಒಂದು ನೋಟಿಸನ್ನೂ ತಪ್ಪಿಸಿಲ್ಲ. ಯಾರು ಗೈರುಹಾಜರಾಗಿದ್ದಾರೆ ಎಂದು ಬರೆದಿಟ್ಟುಕೊಂಡು ಮರುದಿನ ಅವರಿಗೆ ಮತ್ತೆ ಹೇಳುತ್ತಾಳೆ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ.

ಮೂರನೆಯದು, ಯಾವುದೇ ಸಮಿತಿಯ ಸಭೆಯಲ್ಲಿ ಏನು ಮಾಡಬೇಕು ಎಂದು ಬರೆಯುವ ಮೊದಲು ಈ ವಾರ ಏನನ್ನು ಮಾಡುವುದಿಲ್ಲ ಎಂದು ಎರಡು ಸಾಲು ಬರೆಯೋಣ. ಅಬ್ಬಾ ಅಂಗಡಿಯ ರಟ್ಟಿನ ಹಾಗೆ. ಪಟ್ಟಿಗೆ ಸೇರಿಸುವುದು ಸುಲಭ, ಎಲ್ಲರಿಗೂ ಹೌದು ಎನ್ನುವುದು ಇನ್ನೂ ಸುಲಭ. ಇಲ್ಲ ಎನ್ನಲು ಧೈರ್ಯ ಬೇಕು, ಆ ಧೈರ್ಯವನ್ನು ಸಭೆ ಒಟ್ಟಾಗಿ ತೋರಿಸಿದರೆ ಒಬ್ಬರ ಮೇಲೆ ಬೇಸರ ಬರುವುದಿಲ್ಲ.

ನಾಲ್ಕನೆಯದು, ಕೆಲಸ ಕೊಟ್ಟರೆ ಬೀಗದ ಕೈಯನ್ನೂ ಕೊಡೋಣ. ಶಾಲು ತಾ ಎಂದು ಹೇಳಿ, ಹಣಕ್ಕೆ ನನ್ನನ್ನು ಕೇಳು, ಬಣ್ಣಕ್ಕೆ ನನ್ನನ್ನು ಕೇಳು, ಅಂಗಡಿಗೆ ನನ್ನನ್ನು ಕೇಳು ಎಂದರೆ ಅದು ಕೆಲಸ ಹಂಚಿದ ಹಾಗಲ್ಲ. ಜವಾಬ್ದಾರಿಯ ಜೊತೆ ಅಧಿಕಾರವೂ ಹೋಗಬೇಕು ಎಂದು ಪರೀಕ್ಷೆಯಲ್ಲಿ ಬರೆಯುವವರು ನಾವೇ ತಾನೆ.

ಕೊನೆಯದು ನಮ್ಮ ಅಧ್ಯಾಪಕರಲ್ಲಿ ಒಂದು ವಿನಂತಿ. ಒಂದು ಕೆಲಸ ಚೆನ್ನಾಗಿ ಮಾಡಿದ ವಿದ್ಯಾರ್ಥಿಗೇ ನೀವು ಮುಂದಿನ ನಾಲ್ಕು ಕೆಲಸಗಳನ್ನೂ ಕೊಡುತ್ತೀರಿ. ಅದು ನಿಮ್ಮ ನಂಬಿಕೆ, ನಮಗೆ ಹೆಮ್ಮೆ. ಆದರೆ ನಾವು ನಿಮಗೆ ಇಲ್ಲ ಎನ್ನಲಾರೆವು. ಕೊಡುವ ಮೊದಲು ಒಮ್ಮೆ, ನಿನ್ನ ಕೈಯಲ್ಲಿ ಈಗ ಏನೇನಿದೆ ಎಂದು ಕೇಳಿದರೆ ಸಾಕು. ಹಿಂದಿನ ಬೆಂಚಿನಲ್ಲಿ ಕೆಲಸಕ್ಕಾಗಿ ಕಾಯುತ್ತಿರುವವರೂ ಇದ್ದಾರೆ. ಅವರಿಗೆ ಅವಕಾಶ ಸಿಗದೆ ಇರುವುದು ನಾವು ಚುರುಕಾಗಿರುವುದರಿಂದ ಅಲ್ಲ, ನಮ್ಮ ಹೆಸರು ನಿಮಗೆ ಮೊದಲು ನೆನಪಾಗುವುದರಿಂದ.

ನಾಯಕತ್ವ ಒಂದು ಅಮಾನತ್ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಅಮಾನತ್ ಎಂದರೆ ಇನ್ನೊಬ್ಬರದ್ದು, ನಮ್ಮ ಬಳಿ ಇಡಲು ಕೊಟ್ಟದ್ದು. ಆ ನೋಟಿಸ್ ನನ್ನ ಬಳಿ ಇದ್ದ ಅಮಾನತ್ ಆಗಿತ್ತು. ಅವಳಿಗೆ ಸಿಗಬೇಕಾಗಿದ್ದ ಆ ವರ್ಷದ ಸ್ಕಾಲರ್‌ಶಿಪ್ಪನ್ನು ನಾನು ಯಾವ ಲೇಖನ ಬರೆದೂ ವಾಪಸ್ ಕೊಡಲಾರೆ.

ಪರೀಕ್ಷೆಗಳ ನಂತರ ನಾವು ಹೋಗುತ್ತೇವೆ, ಹೊಸ ಸಿ.ಆರ್.ಗಳು ಬರುತ್ತಾರೆ. ಅವರ ಕೈಗೂ ಹದಿನಾಲ್ಕು ಕೆಲಸಗಳ ಪಟ್ಟಿ ಬರುತ್ತದೆ. ಅವರಲ್ಲಿ ನನ್ನದು ಒಂದೇ ಕೋರಿಕೆ. ಪಟ್ಟಿಯ ಮೊದಲ ಕೆಲಸಕ್ಕೆ ಹೊರಡುವ ಮೊದಲು ತರಗತಿಯ ಕಡೆ ಒಮ್ಮೆ ತಿರುಗಿ ನೋಡಿ. ಇವತ್ತು ನಿಮ್ಮನ್ನು ಏನನ್ನೂ ಕೇಳದೆ ಕುಳಿತಿರುವವರು ಯಾರು, ಅವರಿಗೆ ಸೇರಬೇಕಾದದ್ದು ನಿಮ್ಮ ಬ್ಯಾಗಿನಲ್ಲಿ ಏನಾದರೂ ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಮೊದಲು ಅದನ್ನು ಕೊಡಿ. ಬ್ಯಾನರ್ ಆಮೇಲೆ ಕಟ್ಟಬಹುದು.